ಜೇನು ಔಷಧಕ್ಕೆ, ಈಚಲು ಗಡಿಗೆಗೆ

ಜೇನುತುಪ್ಪ ತಾನಾಗಿ ಕೆಡುವ ಪದಾರ್ಥವಲ್ಲ. ಅದರಲ್ಲಿ ನೀರಿನಂಶ ನೂರಕ್ಕೆ ಹದಿನೆಂಟರ ಒಳಗಿದ್ದರೆ ಯೀಸ್ಟ್ ತಲೆ ಎತ್ತಲಾರದು. ಅದೇ ಒಂದು ಕಿಲೋ ಜೇನುತುಪ್ಪವನ್ನು ಮೂರೂವರೆ ಲೀಟರ್ ನೀರಿನಲ್ಲಿ ಕದಡಿ, ಚಿಟಿಕೆ ಯೀಸ್ಟ್ ಹಾಕಿ, ಹೊರಗಿನ ಗಾಳಿ ಸೇರದಂತೆ ಮುಚ್ಚಿಟ್ಟರೆ ಒಂದೆರಡು ದಿನಕ್ಕೆ ನೊರೆ ಏಳುತ್ತದೆ, ತಿಂಗಳೊಪ್ಪತ್ತಿನಲ್ಲಿ ಸಿಹಿ ಇಳಿಯುತ್ತದೆ. ಕೊನೆಗೆ ಉಳಿಯುವುದು ನೂರಕ್ಕೆ ಹತ್ತು ಹನ್ನೊಂದು ಭಾಗ ಆಲ್ಕೊಹಾಲ್ ಇರುವ ತಿಳಿಹಳದಿ ಪಾನೀಯ. ಇಂಗ್ಲಿಷರು ಮೀಡ್ ಎನ್ನುವುದು ಇದನ್ನೇ. ಜೇನಿನಲ್ಲಿ ಸಾರಜನಕ ತೀರಾ ಕಡಿಮೆಯಾದ್ದರಿಂದ ಯೀಸ್ಟಿಗೆ ಬೇರೆ ಆಹಾರ ಒದಗಿಸಬೇಕು. ಹೊಸಬರ ಮೊದಲ ಪಾತ್ರೆ ಅರ್ಧದಲ್ಲೇ ನಿಂತುಹೋಗಲು ಬಹುಪಾಲು ಇದೇ ಕಾರಣ.

ವಿದ್ಯೆ ಬಹಳ ಹಳೆಯದು. ಚೀನಾದ ಜಿಯಾಹು ಎಂಬಲ್ಲಿ ಸಿಕ್ಕ ಸುಮಾರು 9,000 ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ಅಕ್ಕಿ, ಜೇನು, ಹಣ್ಣು ಬೆರೆಸಿ ಹುಳಿ ಬರಿಸಿದ ಪಾನೀಯದ ಕುರುಹು ಇದೆಯೆಂದು ಪ್ಯಾಟ್ರಿಕ್ ಮೆಕ್‌ಗವರ್ನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಇಥಿಯೋಪಿಯಾದ ಮನೆಗಳಲ್ಲಿ ಗೆಶೊ ಗಿಡದ ಎಲೆ ಕಡ್ಡಿ ಹಾಕಿ ಮಾಡುವ ತೆಜ್ ಇವತ್ತಿಗೂ ಹಬ್ಬದ ಪಾನೀಯ. ಭಾರತದಲ್ಲಿ ಪುಣೆಯ ಮೂನ್‌ಶೈನ್, ನಾಸಿಕದ ಸೆರಾನಾ ಎಂಬ ಕಂಪನಿಗಳು ಕಳೆದ ಹತ್ತು ವರ್ಷಗಳೀಚೆಗೆ ಇದನ್ನು ಸೀಸೆಗೆ ತುಂಬಿ ಮಾರುತ್ತಿವೆ. ಅದನ್ನು ಕುಡಿದು ನೋಡಿ ‘ನಾವೂ ಮನೆಯಲ್ಲಿ ಮಾಡಬಹುದಲ್ಲ’ ಎನ್ನುವವರು ಬೆಂಗಳೂರಿನಲ್ಲಿ ಹುಟ್ಟಿಕೊಂಡಿದ್ದಾರೆ.

ಆ ಬೆಂಗಳೂರಿನಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಹಿಂದೂಪುರ. ಅಲ್ಲಿಂದ ವಾಯುವ್ಯಕ್ಕೆ, ಮಡಕಶಿರಾ, ಅಮರಾಪುರ, ಕುಂದುರ್ಪಿ ದಾಟಿ ಹೋದರೆ ಕಲ್ಯಾಣದುರ್ಗ. 2022ರ ಏಪ್ರಿಲ್‌ನಲ್ಲಿ ಆಂಧ್ರದ ಅನಂತಪುರ ಜಿಲ್ಲೆ ಒಡೆದಾಗ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆಡಳಿತ ತೆಲುಗಿನದಾದರೂ ನೆಲದ ಹಳೆಯ ಬರಹ ಕನ್ನಡದ್ದು. ಅಮರಾಪುರದ ಬಳಿಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂದು ಹೆಸರಾದ ನೊಳಂಬರ ರಾಜಧಾನಿ. ಹಿಂದೂಪುರಕ್ಕೆ ಹದಿನೈದು ಕಿಲೋಮೀಟರಿನ ಲೇಪಾಕ್ಷಿಯಲ್ಲಿ 16ನೇ ಶತಮಾನದ ವೀರಭದ್ರ ದೇವಾಲಯದ ಶಾಸನಗಳೂ ಹೆಚ್ಚಿನವು ಕನ್ನಡದವೇ. ರೊಳ್ಳ, ಅಗಳಿ, ಗುಡಿಬಂಡೆ ಕಡೆಯ ಮನೆಮಾತು ಇಂದಿಗೂ ಕನ್ನಡ.

ಇಂಥ ಸೀಮೆಯಲ್ಲಿ ಜೇನಿನ ಮದ್ಯ ಯಾವಾಗಲಾದರೂ ಮನೆಮನೆಯ ಪಾನೀಯವಾಗಿತ್ತೇ ಎಂದು ಹುಡುಕಿದರೆ ಎದುರಾಗುವುದು ಜೇನಲ್ಲ, ಈಚಲು. 1905ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಅನಂತಪುರ ಜಿಲ್ಲೆಯ ಗೆಜೆಟಿಯರ್ ಬರೆಯುವ ಹೊತ್ತಿಗೆ ಇಲ್ಲಿನ ಅಬಕಾರಿ ಲೆಕ್ಕ ನಿಂತಿದ್ದು ಸಾರಾಯಿ ಮತ್ತು ಸೇಂದಿಯ, ಅಂದರೆ ಈಚಲು ಹೆಂಡದ, ಮೇಲೆ. ಜೇನು ಇದ್ದದ್ದು ಬೇರೆ ಕಡೆ: ಪಂಚಾಮೃತದಲ್ಲಿ, ಮದುವೆಯ ಮಧುಪರ್ಕದಲ್ಲಿ, ವೈದ್ಯರ ಭರಣಿಯಲ್ಲಿ.

ಶಾಸ್ತ್ರಗ್ರಂಥಗಳಿಗೇನೋ ಜೇನಿನ ಮದ್ಯ ಗೊತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಅಧ್ಯಾಯವೇ ಇದೆ. ಅಲ್ಲಿ ಆಸವಕ್ಕೆ ಕೊಟ್ಟ ಅಳತೆ ನೂರು ಪಲ ಬೇಲದ ಹಣ್ಣು, ಐನೂರು ಪಲ ಕಾಕಂಬಿಯಂಥ ಫಾಣಿತ, ಒಂದು ಪ್ರಸ್ಥ ಜೇನು. ಲೆಕ್ಕ ಗಮನಿಸಿ: ಮದ್ಯದ ಭಾರ ಹೊತ್ತಿರುವುದು ಕಬ್ಬು, ಜೇನು ಬರೀ ಕೈಮಸಾಲೆ. ಚರಕಸಂಹಿತೆಯ ಪ್ರಮೇಹ ಚಿಕಿತ್ಸೆಯಲ್ಲಿ ಮಧ್ವಾಸವ ಬರುತ್ತದೆ. ಲೋಧ್ರ ಮುಂತಾದ ಮೂಲಿಕೆಗಳ ಕಷಾಯಕ್ಕೆ ಜೇನು ಬೆರೆಸಿ ಪಾತ್ರೆಯಲ್ಲಿ ಹುದುಗಿಡುವ ಔಷಧ ಅದು. ಆಸವ, ಅರಿಷ್ಟಗಳಿಗೆ ವೈದ್ಯರು ಧಾತಕಿ ಹೂವು ಹಾಕುವುದು ವಾಡಿಕೆ. ಆ ಹೂವಿನ ಜೊತೆ ಬರುವ ಯೀಸ್ಟೇ ಹುಳಿ ಬರಿಸುವ ಕೆಲಸ ಮಾಡುತ್ತದೆಂಬುದು ಈಗಿನವರ ವಿವರಣೆ. ಇಂದಿನ ಹೊಸಬರು ಪೊಟ್ಟಣದಲ್ಲಿ ಕೊಳ್ಳುವುದನ್ನು ಆ ವೈದ್ಯರು ಗುಡ್ಡದಿಂದ ಕಿತ್ತು ತರುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕನ್ನಡ ಕಾವ್ಯಕ್ಕೂ ಪಾನ ಹೊಸದಲ್ಲ. ಪಂಪಭಾರತದ ನಾಲ್ಕನೇ ಆಶ್ವಾಸದಲ್ಲಿ ಸೂಳೆಗೇರಿಯ ಪಾನಗೋಷ್ಠಿಯ ವರ್ಣನೆ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನವೂ ರಾಜರ ಕ್ರೀಡೆಗಳಲ್ಲಿ ಒಂದು. ಅದೇ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನಿದ್ದ. ಕಸುಬು ಹೆಸರಿನಲ್ಲೇ ಇದೆ, ವಚನಗಳೂ ಉಳಿದಿವೆ. ರಾಜನ ಆಟಕ್ಕೆ ಗ್ರಂಥದಲ್ಲಿ ಜಾಗ ಸಿಕ್ಕಿತು. ಮಾರುವವನಿಗೆ ಜಾಗ ಸಿಗಲು ಅನುಭವ ಮಂಟಪವೇ ಬೇಕಾಯಿತು.

ಜೇನು ಯಾಕೆ ಗಡಿಗೆಗೆ ಇಳಿಯಲಿಲ್ಲ? ಕಾರಣ ಮಳೆಯಲ್ಲಿದೆ. ಈ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್. ಕುರುಚಲು ಕಾಡಿನ ಬೇಲಿಯಲ್ಲಿ ಗೂಡು ಕಟ್ಟುವ ಕೋಲುಜೇನಿನಿಂದ ಸಿಗುವುದು ಕೆಲವು ನೂರು ಗ್ರಾಂ ತುಪ್ಪ. ಹೆಜ್ಜೇನು ಕಿಲೋಗಟ್ಟಲೆ ಕೊಡುತ್ತದೆ ನಿಜ, ಆದರೆ ಬಂಡೆಯ ನೆತ್ತಿಯಲ್ಲಿ ತೂಗುವ ಅದರ ಹಲ್ಲೆಗೆ ಕೈ ಹಾಕುವುದು ಎಲ್ಲರಿಂದ ಆಗುವ ಮಾತಲ್ಲ. ತುಡುವೆಯನ್ನು ಪೆಟ್ಟಿಗೆಯಲ್ಲಿ ಸಾಕುವ ಕಲೆ ತಿರುಚಿರಾಪಳ್ಳಿ ಕಡೆಯ ಪಾದ್ರಿ ನ್ಯೂಟನ್ನರಿಂದ 1910ರ ದಶಕದಲ್ಲಿ ದಕ್ಷಿಣಕ್ಕೆ ಹಬ್ಬಿತು. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲಿ ಜೇನು ಸಹಕಾರ ಸಂಘವೇ ಎದ್ದಿತು. ಕಾಫಿ ಹೂ ಬಿಡುವ ಕೊಡಗಿಗೆ ಸಲ್ಲುವ ಕಥೆ ಅದು. ರಾಗಿ, ನವಣೆ, ಹುರುಳಿಯ ನಾಡಿನಲ್ಲಿ ಒಂದು ಕಿಲೋ ಜೇನನ್ನು ನೀರಿಗೆ ಸುರಿದು ಹುಳಿ ಬರಲು ಬಿಡುವವನನ್ನು ಊರು ಹುಚ್ಚನೆಂದೇ ಕರೆದೀತು.

ಈಚಲಿಗೆ ಈ ಯಾವ ರಗಳೆಯೂ ಇಲ್ಲ. ಕೆರೆಯ ಅಂಗಳ, ಹಳ್ಳದ ದಂಡೆ, ಪಿನಾಕಿನಿ ಮತ್ತು ಜಯಮಂಗಲಿಯ ಮರಳು ಇಂಥ ಕಡೆ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುತ್ತದೆ. ಇಳಿಸುವವನು ತಲೆಯ ಕೆಳಗೆ ಒಂದು ಪಕ್ಕದ ಗರಿಗಳನ್ನು ಕೊಯ್ದು, ಎಳೆಯ ಕಾಂಡ ಕಾಣುವವರೆಗೆ ಹೆರೆದು, ಕೆಲವು ದಿನ ಒಣಗಲು ಬಿಡುತ್ತಾನೆ. ಆಮೇಲೆ ಕತ್ತಿಯಿಂದ ಓರೆಯಾಗಿ ಒಂದು ಗಾಯ, ಅದರ ತುದಿಗೆ ಬಿದಿರಿನ ದಬ್ಬೆ, ದಬ್ಬೆಯ ಕೆಳಗೆ ಗಡಿಗೆ. ಸಂಜೆ ಗಾಯವನ್ನು ತೆಳ್ಳಗೆ ಕೆತ್ತಿ ಹೊಸದು ಮಾಡಿದರೆ ರಾತ್ರಿಯಿಡೀ ರಸ ತೊಟ್ಟಿಕ್ಕುತ್ತದೆ. ಮರುವರ್ಷ ಎದುರು ಪಕ್ಕದಲ್ಲಿ ಗಾಯ. ಹೀಗೆ ವರ್ಷ ಬಿಟ್ಟು ವರ್ಷ ಪಕ್ಕ ಬದಲಾಗುತ್ತಾ ಹೋಗಿ ಹಳೆಯ ಈಚಲು ಮರದ ಬೊಡ್ಡೆ ಅಂಕುಡೊಂಕಾಗಿ ಕಾಣುತ್ತದೆ. ಆ ಕಚ್ಚುಗಳನ್ನು ಎಣಿಸಿದರೆ ಮರ ಎಷ್ಟು ಹಂಗಾಮು ದುಡಿದಿದೆ ಎಂಬುದು ತಿಳಿಯುತ್ತದೆ. ಅಬಕಾರಿ ದಫ್ತರಕ್ಕಿಂತ ನಂಬಲರ್ಹವಾದ ಲೆಕ್ಕ ಅದು.

ಯೀಸ್ಟ್ ಹಾಕುವ ಪ್ರಶ್ನೆಯೇ ಇಲ್ಲಿಲ್ಲ. ಗಡಿಗೆಯ ಗೋಡೆಯಲ್ಲಿ, ಗಾಯದ ಬಾಯಲ್ಲಿ, ಗಾಳಿಯಲ್ಲಿ ಅದು ಇದ್ದೇ ಇರುತ್ತದೆ. ಜೈಮೊಮೊನಾಸ್ ಎಂಬ ಬ್ಯಾಕ್ಟೀರಿಯವೂ ಕೈಜೋಡಿಸುತ್ತದೆ. ಬೆಳಗಿನ ಜಾವ ಇಳಿಸಿದ ರಸ ಸಿಹಿ, ಹೊತ್ತೇರಿದಂತೆ ಚುರುಕು, ಸಂಜೆಗೆ ಹುಳಿ, ಎರಡು ದಿನ ಕಳೆದರೆ ಕಾಡಿ. ಗಡಿಗೆಯ ಒಳಕ್ಕೆ ಸುಣ್ಣ ಬಳಿದರೆ ಹುಳಿ ನಿಂತು ನೀರಾ ಆಗುತ್ತದೆ. ಮೀಡ್ ಕೇಳುವ ತಿಂಗಳೊಪ್ಪತ್ತಿನ ತಾಳ್ಮೆಯನ್ನು ಸೇಂದಿ ಒಂದೇ ಹಗಲಿನಲ್ಲಿ ಮುಗಿಸುತ್ತದೆ. ಬಡವರ ಪಾನೀಯವಾಗಲು ಇನ್ನೇನು ಬೇಕು?

ಇಳಿಸುವುದು ಈಡಿಗರ ಕಸುಬು, ಎಲ್ಲಮ್ಮ ಅವರ ದೇವತೆ. ಕುಡಿಯುವವರಿದ್ದ ಹಾಗೆಯೇ ಮುಟ್ಟದವರೂ ಇದ್ದರು. ರಾಯದುರ್ಗ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರಿಗೆ ಹೆಂಡ ನಿಷಿದ್ಧ, ಕೋಳಿ ನಿಷಿದ್ಧ. ಈಚಲು ಚಾಪೆಯ ಮೇಲೆ ಕೂರುವುದೂ ಸಲ್ಲದು. ಸರ್ಕಾರಗಳು ಪಾನನಿಷೇಧಕ್ಕೆ ಕಾಯಿದೆ ಬರೆಯುವ ಎಷ್ಟೋ ಮೊದಲೇ ಒಂದು ಕುಲ ಅದನ್ನು ಪೊಲೀಸರಿಲ್ಲದೆ ನಡೆಸಿಕೊಂಡು ಬಂದಿತ್ತು.

ಸರ್ಕಾರಗಳ ಕಥೆ ಅಷ್ಟು ನೇರವಲ್ಲ. ಪೆನುಕೊಂಡ, ಮಡಕಶಿರಾ ಕಡೆ ಹೈದರ್, ಟಿಪ್ಪುವಿನ ಆಳ್ವಿಕೆ ಇತ್ತು. ಟಿಪ್ಪು 1787ರಲ್ಲಿ ಪೂರ್ಣ ಪಾನನಿಷೇಧಕ್ಕೆ ಆಜ್ಞೆ ಬರೆದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆ ನಿಜಾಮನ ಪಾಲಾಗಿ, 1800ರಲ್ಲಿ ಅವನು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಭಾಗವಾಯಿತು. ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೊ. ಕಂಪನಿಗೆ ಹೆಂಡದಲ್ಲಿ ಕಂಡದ್ದು ಕಂದಾಯ. ಮೊದಮೊದಲು ಮಾರುವ ಹಕ್ಕನ್ನು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. 1886ರ ಮದರಾಸು ಅಬಕಾರಿ ಕಾಯಿದೆಯ ಮೇಲೆ ಮರದ ತೆರಿಗೆ ನೆಲೆಗೊಂಡಿತು: ಯಾವ ಮರ ಇಳಿಸುತ್ತೀರೋ ಅದಕ್ಕೆ ಲೈಸೆನ್ಸು, ಅದರ ಮೇಲೆ ಗುರುತು, ಪ್ರತಿ ಮರಕ್ಕೂ ಇಷ್ಟೆಂದು ಹಣ, ಅಂಗಡಿಯ ಹರಾಜು ಬೇರೆ. ಗುರುತಿಲ್ಲದ ಮರಕ್ಕೆ ಕತ್ತಿ ತಾಗಿಸಿದರೆ ಅಪರಾಧ. ಯಾರೂ ನೆಡದ ಮರ ಹೀಗೆ ಸರ್ಕಾರದ ಪುಸ್ತಕ ಸೇರಿತು. 1930ರ ದಶಕದ ಹೊತ್ತಿಗೆ ಮದರಾಸು ಪ್ರಾಂತ್ಯದ ಆದಾಯದಲ್ಲಿ ಸುಮಾರು ಕಾಲು ಭಾಗ ಅಬಕಾರಿಯಿಂದಲೇ ಬರುತ್ತಿತ್ತು.

ಆ ಕಾಲು ಭಾಗವನ್ನು ಬಿಟ್ಟುಕೊಡಲು ಹೊರಟವರು ರಾಜಾಜಿ. 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಶುರುವಾಯಿತು, ಮುಂದಿನ ವರ್ಷ ಅನಂತಪುರದ ನೆರೆಯ ಚಿತ್ತೂರು, ಕಡಪಕ್ಕೆ ಹಬ್ಬಿತು. ಖೋತಾ ತುಂಬಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದರು. ಕುಡಿಯುವವರು ಕೊಡುತ್ತಿದ್ದುದನ್ನು ಅಂದಿನಿಂದ ಕುಡಿಯದವರೂ ಕೊಡಬೇಕಾಯಿತು. ಯುದ್ಧದ ಕಾಲದಲ್ಲಿ ನಿಷೇಧ ನಿಂತು, 1946ರಲ್ಲಿ ಟಂಗುಟೂರಿ ಪ್ರಕಾಶಂ ಮಂತ್ರಿಮಂಡಲ ಅದನ್ನು ಮತ್ತೆ ಕೈಗೆತ್ತಿಕೊಂಡು, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯ ಒಣಗಿತು. ಕಸುಬು ಕಳೆದುಕೊಂಡವರಿಗೆ ನೀರಾ ಇಳಿಸಿ ಬೆಲ್ಲ ಕಾಯಿಸುವ ಸಹಕಾರ ಸಂಘಗಳನ್ನು ತೋರಿಸಲಾಯಿತು. ಕಬ್ಬಿನ ಬೆಲ್ಲದ ದೊಡ್ಡ ಮಂಡಿಯೇ ಇರುವ ಹಿಂದೂಪುರದಲ್ಲಿ ಈಚಲು ಬೆಲ್ಲವನ್ನು ಯಾರು ಕೊಳ್ಳಬೇಕು ಎಂದು ಯಾರಾದರೂ ಕೇಳಿದ್ದರೆ ತಪ್ಪಿರಲಿಲ್ಲ.

ಮುಂದಿನದು ರಾಜಕೀಯದ ತಮಾಷೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಅದೇ ಪ್ರಕಾಶಂ ಮೊದಲ ಮುಖ್ಯಮಂತ್ರಿ, ಅನಂತಪುರ ಜಿಲ್ಲೆಯವರೇ ಆದ ನೀಲಂ ಸಂಜೀವ ರೆಡ್ಡಿ ಉಪಮುಖ್ಯಮಂತ್ರಿ. ಕಳ್ಳು ಇಳಿಸುವವರು ಬೀದಿಗೆ ಬಂದರು, ಗೌತು ಲಚ್ಚನ್ನ ಅವರ ಮುಂದಾಳಾದರು. ನಿಷೇಧದ ವಿಚಾರಣೆಗೆ ನೇಮಿಸಿದ ರಾಮಮೂರ್ತಿ ಸಮಿತಿ ಅದನ್ನು ಕೈಬಿಡಿ ಎಂದಿತು, ಸರ್ಕಾರ ಒಪ್ಪಲಿಲ್ಲ. 1954ರ ನವೆಂಬರ್‌ನಲ್ಲಿ ಅವಿಶ್ವಾಸ ನಿರ್ಣಯ ಒಂದೇ ಮತದಿಂದ ಗೆದ್ದು ಮಂತ್ರಿಮಂಡಲ ಉರುಳಿತು. ಮುಖ್ಯಮಂತ್ರಿಯೊಬ್ಬರನ್ನು ಈಚಲು ಮರ ಕೆಡವಿದ್ದು ನಮ್ಮ ಇತಿಹಾಸದ ಪಠ್ಯಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯಬೇಕಿತ್ತು.

ನಿಷೇಧದ ವರ್ಷಗಳಲ್ಲಿ ಹೆಂಡಕ್ಕಿಂತ ಬಲವಾಗಿ ಬೆಳೆದದ್ದು ಕಳ್ಳಬಟ್ಟಿ. ಈಚಲಿಗೆ ಗಡಿಗೆ ಕಟ್ಟಿದರೆ ಊರಿಗೆಲ್ಲ ಕಾಣುತ್ತದೆ. ಬೆಲ್ಲದ ನೀರಿಗೆ ಬಿಳಿಜಾಲಿಯ ತೊಗಟೆ ಹಾಕಿ ಮಣ್ಣಲ್ಲಿ ಹೂತ ಕೊಳೆ ಯಾರಿಗೂ ಕಾಣದು. ಗುರುತು ಹಾಕಿದ ಮರಗಳ ಕಾಲಕ್ಕಿಂತ ಕೆಟ್ಟ ಮದ್ಯ, ಹೆಚ್ಚು ಅಮಲಿನ ಮದ್ಯ ಜನರ ಹೊಟ್ಟೆ ಸೇರಿತು. 1960ರ ದಶಕದ ಕೊನೆಗೆ ಆಂಧ್ರ ನಿಷೇಧವನ್ನು ಬಿಟ್ಟು, 1968ರ ಅಬಕಾರಿ ಕಾಯಿದೆಯಡಿ ಮತ್ತೆ ಹರಾಜಿಗೆ ಮರಳಿತು.

ಹಿಂದೂಪುರದ ಹೆಸರು ಈ ಕಥೆಯಲ್ಲಿ ದೊಡ್ಡದಾಗಿ ಬರುವುದು ಎನ್.ಟಿ. ರಾಮರಾವ್ ಮೂಲಕ. 1985ರಿಂದ ಕೊನೆಯವರೆಗೂ ಅವರು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದು ಹಿಂದೂಪುರವನ್ನು. ಸಾರಾಯಿಯನ್ನು ಪ್ಯಾಕೆಟ್ಟಿನಲ್ಲಿ ಹಳ್ಳಿಹಳ್ಳಿಗೆ ತಲುಪಿಸಿದ ‘ವಾರುಣಿ ವಾಹಿನಿ’ ಯೋಜನೆ ಬಂದದ್ದು ಅವರ ಸರ್ಕಾರದ ಕಾಲದಲ್ಲೇ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ ಸುದ್ದಿ ರಾಜ್ಯವಿಡೀ ಹಬ್ಬಿತು. 1993ರ ಅಕ್ಟೋಬರ್ 1ಕ್ಕೆ ಕಾಂಗ್ರೆಸ್ ಸರ್ಕಾರ ಸಾರಾಯಿ ನಿಲ್ಲಿಸಿತು. 1994ರ ಡಿಸೆಂಬರ್‌ನಲ್ಲಿ ಗೆದ್ದು ಬಂದ ರಾಮರಾವ್, ಹೆಂಗಸರಿಗೆ ಕೊಟ್ಟ ಮಾತಿನಂತೆ 1995ರ ಜನವರಿ 16ರಿಂದ ಪಾನನಿಷೇಧ ತಂದರು. 1997ರಲ್ಲಿ ಚಂದ್ರಬಾಬು ನಾಯ್ಡು ಅದನ್ನು ಹಿಂದಕ್ಕೆ ಪಡೆದರು; ಖಜಾನೆ ಖಾಲಿ, ಕಳ್ಳಸಾಗಣೆ ಜೋರು ಎಂಬ ಹಳೆಯ ಎರಡು ಕಾರಣಗಳೇ. ಗಡಿಯ ತಾಲ್ಲೂಕುಗಳಲ್ಲಂತೂ ನಿಷೇಧ ಎಷ್ಟು ದೂರ ಹೋದೀತು? ಗೌರಿಬಿದನೂರು, ಮಧುಗಿರಿ, ಪಾವಗಡಗಳಲ್ಲಿ ಅಂಗಡಿ ತೆರೆದೇ ಇತ್ತು. ಕರ್ನಾಟಕ ತನ್ನ ಸಾರಾಯಿ ನಿಲ್ಲಿಸಿದ್ದು 2007ರ ಜುಲೈ 1ರಂದು.

ಇಷ್ಟರ ನಡುವೆ ಸೇಂದಿಯ ಮಾನವೂ ಹೋಯಿತು. ಈಚಲು ತೋಪುಗಳು ತೆಳುವಾದಂತೆ, ಮರವಿಲ್ಲದೆ ಕಳ್ಳು ಮಾಡುವ ವಿದ್ಯೆ ಆಂಧ್ರ, ತೆಲಂಗಾಣಗಳಲ್ಲಿ ಹಬ್ಬಿತು. ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್ ಬೆರೆಸಿದ ನೀರು ಕಳ್ಳಿನ ಹೆಸರಲ್ಲಿ ಬಿಕರಿಯಾಗಿ ಆಸ್ಪತ್ರೆ ತುಂಬಿಸಿದ ಪ್ರಕರಣಗಳು ಒಂದೆರಡಲ್ಲ. ಜೇನಿಗೂ ಒಳ್ಳೆಯ ಕಾಲವೇನೂ ಬರಲಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಆಮೇಲೆ ಬಯಲುಸೀಮೆಗೆ ಪೆಟ್ಟಿಗೆಯಲ್ಲಿ ಬಂದದ್ದು ಹೆಚ್ಚಾಗಿ ಯುರೋಪಿನ ಮೆಲ್ಲಿಫೆರಾ ಜೇನು. ಸೂರ್ಯಕಾಂತಿ ಹೂ ಬಿಟ್ಟಲ್ಲಿಗೆ ಲಾರಿಯಲ್ಲಿ ಹೋಗಿ ಇಳಿಯುವ ಅಲೆಮಾರಿ ಅದು. ಅದರಿಂದಾಗಿ ಜೇನು ಮೊದಲ ಬಾರಿಗೆ ಕಿಲೋ ಲೆಕ್ಕದಲ್ಲಿ ಸಿಗುವ ಸರಕಾಯಿತು. ಮೀಡ್ ಮಾಡುವ ಯೋಚನೆ ಹೊಳೆಯಲು ಇಷ್ಟಾದರೂ ಜೇನು ಸಸ್ತಾ ಆಗಬೇಕಿತ್ತು.

ಅಂದಮೇಲೆ ಮೀಡನ್ನು ‘ನಮ್ಮ ಪೂರ್ವಜರ ಪಾನೀಯ’ ಎಂದು ಈ ಸೀಮೆಯಲ್ಲಿ ಮಾರಲು ಹೊರಡುವವರು ಸ್ವಲ್ಪ ತಡೆದು ಮಾತಾಡುವುದು ಒಳ್ಳೆಯದು. ಹಿಂದೂಪುರದ, ಕಲ್ಯಾಣದುರ್ಗದ ಪೂರ್ವಜರು ಕುಡಿದದ್ದು ಈಚಲು. ಜೇನನ್ನು ಅವರು ಕೆಮ್ಮಿಗೆ, ದೇವರಿಗೆ, ಹಸುಗೂಸಿನ ನಾಲಿಗೆಗೆ ಎತ್ತಿಟ್ಟಿದ್ದರು. ಕಾಯಿದೆಯ ಮಾತೂ ಇದೆ. ಗಡಿಯ ಆಚೆ 1968ರ ಆಂಧ್ರ ಅಬಕಾರಿ ಕಾಯಿದೆ, ಈಚೆ 1965ರ ಕರ್ನಾಟಕ ಅಬಕಾರಿ ಕಾಯಿದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಎರಡರಲ್ಲೂ ಅಪರಾಧ. ಬುರುಡೆಯಲ್ಲಿರುವುದು ಜೇನೋ ಈಚಲೋ ಎಂದು ಇನ್‌ಸ್ಪೆಕ್ಟರ್ ಭೇದ ಮಾಡುವುದಿಲ್ಲ. ಕೈ ತುರಿಸುತ್ತಿರುವ ಹೊಸಬರು ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಬಹುದು. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜೇನು ಕೃಷಿ ವಿಭಾಗ ತರಬೇತಿ ಕೊಡುತ್ತದೆ. ತುಡುವೆಯ ಒಂದು ಪೆಟ್ಟಿಗೆ ಇಟ್ಟುಕೊಳ್ಳಲು ಅಬಕಾರಿ ಇಲಾಖೆಯ ಅಪ್ಪಣೆ ಬೇಡ.